ಹೋದ ವರ್ಷದ ಎಕ್ಸ್-ರೇ

ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್ ಆಗಿದ್ದ ಡಾಕ್ಟರ್ ಮಹಾನಂದಾ, ಧಮ್ಮಪಾಲ ಮಾಸ್ತರರ ಸ್ಕ್ಯಾನ್ ನೋಡಿ ದಂಗಾದಳು. ಅಫಜಲಪುರದ ಶಾಲೆಯಲ್ಲಿ ಅವಳಿಗೆ ವಿಜ್ಞಾನ ಕಲಿಸಿದವರು ಅವರೇ. ಶ್ವಾಸಕೋಶದ ಗಡ್ಡೆ ಬೆನ್ನೆಲುಬಿಗೂ ಹಬ್ಬಿತ್ತು. ಹೋದ ವರ್ಷ ಕೆಮ್ಮಿಗೆಂದು ತೆಗೆದಿದ್ದ ಎಕ್ಸ್-ರೇ ತೆರೆದಳು. ಪಕ್ಕೆಲುಬಿನ ಮರೆಯಲ್ಲಿ ಸಣ್ಣ ಕಲೆಯೊಂದಿತ್ತು. ‘ಏನೂ ದೋಷವಿಲ್ಲ’ ಎಂಬ ವರದಿಯ ಕೆಳಗೆ ಅವಳದೇ ಸಹಿ.

ರೋಗಿಗಳೊಂದಿಗೆ ಮಾತಾಡುವ ಕೆಲಸ ಅವಳದಲ್ಲ. ಆದರೂ ಅಂದು ತಾನೇ ವಾರ್ಡಿಗೆ ಹೋದಳು.

“ಸರ್, ಇದು ಹೋದ ವರ್ಷಾನೇ ಇತ್ತರಿ. ನನ್ನ ಕಣ್ಣಿಗಿ ಬೀಳಲಿಲ್ಲ.”

ಹೆಂಡತಿ ಹತ್ತಿರದಲ್ಲಿಲ್ಲವೆಂದು ಮಾಸ್ತರರು ಬಾಗಿಲ ಕಡೆ ನೋಡಿ ಖಚಿತಪಡಿಸಿಕೊಂಡರು. ಆಮೇಲೆ, “ರುಕ್ಮಿಣಿಗಿ ಹೇಳಬ್ಯಾಡವ್ವ. ನಿನ್ನ ಮ್ಯಾಲ ಭಾಳ ಜೀವ ಆಕಿಗಿ” ಎಂದರು.

ಮೂರು ತಿಂಗಳಿಗೆ ಅವರು ತೀರಿಕೊಂಡರು. ಮಹಾನಂದಾ ಮಾಸ್ತರರ ಮನೆಗೆ ಹೋದಾಗ ಹೆಂಡತಿ ರುಕ್ಮಿಣಿಬಾಯಿ ಅವಳ ಕೈ ಹಿಡಿದು, ಬಂದವರಿಗೆಲ್ಲ ಹೇಳಿದರು: “ನಮ್ಮ ಮಹಾನಂದಾ ಇದ್ದಳಂತ ಇಷ್ಟ ದಿನಾರ ಉಳದ್ರು ನೋಡ್ರಿ.”

ಮಹಾನಂದಾಗೆ ತಡೆಯಲಾಗಲಿಲ್ಲ. ಜನ ಹೋದ ಮೇಲೆ ನಡೆದದ್ದನ್ನೆಲ್ಲ ಹೇಳಿಬಿಟ್ಟಳು.

“ಆಗೇ ನೋಡಿದ್ರ ಉಳೀತಿದ್ರೇನು?”

“ಉಳೀಬಹುದಿತ್ತರಿ ಕಾಕು.”

ರುಕ್ಮಿಣಿಬಾಯಿ ಕೈ ಬಿಟ್ಟರು. “ಅವ್ರು ಬ್ಯಾಡಂದ್ರೂ ಯಾಕ ಹೇಳಿದಿ ಬೇ? ನಿನ್ನ ಎದಿ ಹಗುರಾತು. ಇನ್ನ ನಾ ಹ್ಯಾಂಗ ಇರ್ಲಿ?”

ಮಹಾನಂದಾ ಅಳುತ್ತ ಅವರ ಕಾಲು ಮುಟ್ಟಲು ಬಾಗಿದಳು. ರುಕ್ಮಿಣಿಬಾಯಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ಕುಳಿತರು.