ಎಲೆ ಉಳಿವೆಪ್ಪನ ಓದು

“ಕೀಲಿಕೈ ಕೊಡ ಅಂದ್ರ ತಿಳಿಯಂಗಿಲ್ಲೇನ ನಿನಗ?” ಎಂದು ಮುದಕವ್ವ ತಮ್ಮನ ಹೆಂಡತಿಯ ಸೊಂಟಕ್ಕೇ ಕೈ ಹಾಕಿದಳು. ಸಾವಂತ್ರವ್ವ ಎರಡೂ ಕೈಯಲ್ಲಿ ಸೆರಗು ಬಿಗಿಹಿಡಿದು ಗೋಡೆಗೆ ಒರಗಿದಳು. ಅದೇ ಗೋಡೆಗೆ ಒಂದು ಮೊಳ ಆಚೆ ಅವಳ ಗಂಡ ಉಳಿವೆಪ್ಪ ಕುಳಿತಿದ್ದ. ನಿನ್ನೆ ಮಧ್ಯಾಹ್ನ ಜೀವ ಹೋದ ಮೇಲೆ ಮೀಯಿಸಿ, ಗದ್ದುಗೆಯ ಮೇಲೆ ಕೂಡಿಸಿ, ವಾಲದಂತೆ ಬಿಳಿ ಧೋತರದಿಂದ ಗೂಟಕ್ಕೆ ಕಟ್ಟಿದ್ದರು.

“ಅಕ್ಕಾ, ಉಳಿದ ಪುಸ್ತಕ ಎಲ್ಲಾ ಒಯ್ಯಲಿ. ಆ ಹೊಸಾದೊಂದು ಬ್ಯಾಡ,” ಎಂದಳು ಸಾವಂತ್ರವ್ವ.

“ಯಾಕ, ನೀ ಅದರಾಗ ಚಕ್ಕುಲಿ ಕಟ್ಟಾಕಿಯೇನು? ಅವನ ಗೆಳ್ಯಾರು ಮೂರೂರಿಂದ ಬಂದಾರ. ಅವನ ಜೋಡಿ ಕುಣಿಯೊಳಗ ಇಡ್ತೇವಿ ಅಂತಾರ. ಎಲಿ ಮಾರಾಂವಗ ಇಷ್ಟು ಮರ್ಯಾದಿ ಯಾರು ಕೊಟ್ಟಾರ ಹೇಳು.”

ಕೀಲಿಕೈ ಮುದಕವ್ವನಿಗೆ ಸಿಕ್ಕಿತು. ಟ್ರಂಕಿನಲ್ಲಿದ್ದ, ಗೆಳೆಯರು ಕೊಟ್ಟಿದ್ದ ಒಂಬತ್ತು ಹಳೆಯ ಪುಸ್ತಕ, ನೀಲಿ ರಟ್ಟಿನ ಒಂದು ಹೊಸ ಪುಸ್ತಕ ಅಂಗಳಕ್ಕೆ ಹೋದವು.

ಅಂಗಳದಲ್ಲಿ ಶಿಗ್ಗಾವಿಯ ಅರಿವೆ ಅಂಗಡಿಯ ಕರಿಬಸಪ್ಪ, ಹಾನಗಲ್ಲಿನ ಪೋಸ್ಟಿನ ಕಾರಕೂನ ಹಯಾತ, ಹಿರೇಕೆರೂರಿನ ಬೀರಪ್ಪ ಮಾಸ್ತರ ಕಾದಿದ್ದರು. ತಂತಿ ಮುಟ್ಟಿದ ಕೂಡಲೇ ಪೆಟ್ರೋಲಿಲ್ಲದ ಯುದ್ಧಕಾಲದಲ್ಲಿ ಇದ್ದಿಲಿನಿಂದ ಓಡುವ ಮೋಟಾರು ಹಿಡಿದು ಸವಣೂರಿಗೆ ಬಂದಿದ್ದರು. ಹನ್ನೆರಡು ವರ್ಷದಿಂದ ಇವರಲ್ಲಿ ಒಬ್ಬರು ಕೊಂಡ ಪುಸ್ತಕವನ್ನು ಉಳಿದವರು ಓದುತ್ತಿದ್ದರು. ಸಂತೆಯಿಂದ ಸಂತೆಗೆ ವೀಳ್ಯದೆಲೆಯ ಬುಟ್ಟಿಯಲ್ಲಿ ಅದನ್ನು ಹೊತ್ತು ತಿರುಗಿದವನು ಉಳಿವೆಪ್ಪ. ಪುಸ್ತಕದ ಜೊತೆಗೆ ಅದರ ಮೇಲೆ ಒಂದು ಮಾತನ್ನೂ ತರುತ್ತಿದ್ದ. ಮೂವರಿಗೂ ಆ ಮಾತೇ ಹೆಚ್ಚು.

“ಒಂದು ಕಾದಂಬರಿ ನಾ ಅರ್ಧಕ್ಕ ಬಿಟ್ಟಿದ್ದೆ,” ಎಂದ ಕರಿಬಸಪ್ಪ. “‘ಕರಿಬಸಪ್ಪಣ್ಣ, ಮೊದಲಿನ ಐವತ್ತು ಹಾಳಿ ಬಲಿಯದ ಎಲಿ ಇದ್ದಂಗ, ಬಾಯಿ ಒಗರಾಗತೈತಿ. ಆ ಮುದುಕಿ ಬಾವಿಗೆ ಬರೂತನಕ ತಡೀರಿ’ ಅಂದ. ತಡದೆ. ಮುದುಕಿ ಬಾವಿಗೆ ಬಂದ್ಲು, ನಾ ಗಿರಾಕಿ ಮುಂದ ಕುಂತು ಅತ್ತೆ.”

“ಸಾಲಿ ಕಲಿಸೋ ನಮಗಿಲ್ಲದ ಕಣ್ಣು ಅಂವಗಿತ್ತು,” ಎಂದ ಬೀರಪ್ಪ ಮಾಸ್ತರ.

ಒಳಗೆ ಕುಳಿತು ಸಾವಂತ್ರವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಮುದುಕಿ ಬಾವಿಗೆ ಬರುವತನಕ ತಡೆಯಬೇಕೆಂದವಳು ಅವಳೇ. ಉಳಿವೆಪ್ಪನಿಗೆ ಒಂದಕ್ಷರವೂ ಬರುತ್ತಿರಲಿಲ್ಲ.

*

ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಒಂದು ಸಂತೆಯ ದಿನ ಕರಿಬಸಪ್ಪ ಒಂದು ಪುಸ್ತಕ ಕೊಟ್ಟು, ಹಾನಗಲ್ಲಿಗೆ ಹೋದಾಗ ಹಯಾತನಿಗೆ ಮುಟ್ಟಿಸು ಎಂದಿದ್ದ. ಅದು ಮೂರು ದಿನ ಉಳಿವೆಪ್ಪನ ಮನೆಯಲ್ಲಿ ಉಳಿಯಿತು. ಸಾವಂತ್ರವ್ವ ಆಡೂರಿನ ಸಾಲಿ ಮಾಸ್ತರನ ಮಗಳು. ಅಪ್ಪನ ಬೆನ್ನ ಹಿಂದೆ ಕುಳಿತು ಓದು ಕಲಿತವಳು. ಮದುವೆಯಾಗಿ ಬಂದು ಎಂಟು ವರ್ಷ ಅವಳ ಕಣ್ಣಿಗೆ ಒಂದು ಹಾಳೆಯೂ ಬಿದ್ದಿರಲಿಲ್ಲ. ಒಲೆಯ ಮೇಲಿನ ಸಾರು ಸೀಯುವಷ್ಟು ಓದಿದಳು. ಗಂಡ ಎಲೆ ಎಣಿಸುತ್ತ ಕುಳಿತಾಗ ಕತೆಯನ್ನೆಲ್ಲ ಅವನಿಗೆ ಓದಿ ಹೇಳಿ, “ಬರದಾಂವ ಛಲೋ ಬರದಾನ, ಆದರ ಆ ಹುಡುಗಿನ್ನ ಸುಮ್ಮನ ಸಾಯಿಸಿದ, ಬರಿಯಾಕ ಬ್ಯಾಸರಾಗಿರಬೇಕು,” ಎಂದಳು.

ಹಾನಗಲ್ಲಿನಲ್ಲಿ ಉಳಿವೆಪ್ಪ ಆ ಮಾತನ್ನು ಹಾಗೇ ಅಂದುಬಿಟ್ಟ. ಹಯಾತ ಎದ್ದು ನಿಂತು, “ಓದೀರೇನ್ರಿ ನೀವು? ಬರ್ರಿ, ಒಳಗ ಕುಂತ್ಕೊರ್ರಿ,” ಎಂದ. ಎಲೆಬುಟ್ಟಿ ಹೊತ್ತವನನ್ನು ಅಂದಿನವರೆಗೆ ಯಾರೂ ಒಳಗೆ ಕರೆದಿರಲಿಲ್ಲ. ಉಳಿವೆಪ್ಪ “ಹ್ಞೂ” ಎಂದ. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕು ಎನ್ನುತ್ತಾರೆ. ಉಳಿವೆಪ್ಪನಿಗೆ ಅಷ್ಟು ಬೇಕಾಗಲಿಲ್ಲ, ಮನೆಯಲ್ಲಿ ಹೆಂಡತಿ ಇದ್ದಳು.

ಕಲಿಸಲು ಅವಳು ನಾಲ್ಕು ಸಲ ಕುಳಿತಳು. ಬಳಪ ಹಿಡಿದರೆ ಸಾಕು, ಅವನ ಕುತ್ತಿಗೆ ಬೆವರುತ್ತಿತ್ತು. ಕೊನೆಗೆ ಪಾಟಿ ದೂರ ಸರಿಸಿ ಅವನೇ ಕೇಳಿಕೊಂಡ.

“ನನ್ನ ಕೈಲಿ ಆಗೂದಿಲ್ಲ. ನೀ ಯಾರ ಮುಂದೂ ಅನ್ನಬ್ಯಾಡ. ಮೂರೂರಾಗ ‘ಬರ್ರಿ ಉಳಿವೆಪ್ಪನವರ’ ಅಂತಾರ. ನಂಗ ಅದೊಂದ ಐತಿ.”

ಸಾವಂತ್ರವ್ವ ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಿದಳು. ಅವಳಿಗೂ ಭಯವಿತ್ತು. ಓದುವವಳು ಎಲೆ ಉಳಿವೆಪ್ಪನ ಹೆಂಡತಿ ಎಂದು ಗೊತ್ತಾದರೆ ಯಾವ ಗಂಡಸು ಪುಸ್ತಕ ಕೊಟ್ಟು ಕಳಿಸಿಯಾನು? ಮಕ್ಕಳಿರಲಿಲ್ಲ, ಬಾವಿಯಿಂದಾಚೆ ಊರು ಕಂಡಿರಲಿಲ್ಲ. ಗಂಡನ ಮೇಲೆ ಪ್ರೀತಿ ಇತ್ತು, ಸಿಟ್ಟೂ ಇತ್ತು. ತನ್ನ ಮಾತು ಹಿರೇಕೆರೂರಿನವರೆಗೆ ಹೋಗಿ ಅವನ ಹೆಸರಿನಲ್ಲಿ ತಿರುಗಿ ಬರುವುದನ್ನು ಕೇಳುತ್ತ ಅವಳು ರೊಟ್ಟಿ ಬಡಿದಳು.

ಯುದ್ಧ ಬಂದು ಕಾಗದಕ್ಕೆ ಬರ ಬಂತು. ನಲವತ್ತಮೂರರ ಈ ವರ್ಷ ಮೂವರಲ್ಲಿ ಯಾರೂ ಒಂದೂ ಪುಸ್ತಕ ಕೊಂಡಿರಲಿಲ್ಲ. ಜ್ವರದ ಔಷಧಕ್ಕೆಂದು ಹುಬ್ಬಳ್ಳಿಗೆ ಹೋದ ಉಳಿವೆಪ್ಪ ತಿರುಗಿ ಬರುವಾಗ ನೀಲಿ ರಟ್ಟಿನ ಪುಸ್ತಕ ತಂದ. ಅಲ್ಲಿಯವರೆಗೆ ಅವನು ತಾನಾಗಿ ಪುಸ್ತಕ ಕೊಂಡವನೇ ಅಲ್ಲ.

“ಹೆಸರು ನೋಡದ ಹ್ಯಾಂಗ ಆರಿಸಿದ್ರಿ?” ಎಂದು ಅವಳು ಕೇಳಿದಳು.

“ಅಂಗಡಿಯಾಂವನ್ನ ಕೇಳಿದೆ, ಹೆಣ್ಮಗಳೊಬ್ಬಾಕಿ ಮನಿ ಬಿಟ್ಟು ದೂರ ಹೋಗೂ ಕತಿ ಐತೇನ್ರಿ ಅಂತ. ಇದನ್ನ ಕೊಟ್ಟ. ಇದು ಅವರದಲ್ಲ, ನಿಂದು. ಮೊದಲು ನೀ ಮುಗಸು, ಆಮ್ಯಾಲ ಅವರಿಗೆ.”

ಮೂರು ವಾರ ಅವನು ಹಾಸಿಗೆ ಹಿಡಿದಿದ್ದಾಗ ಅವಳು ಅವನಿಗೆ ಕೇಳುವಂತೆ ಓದಿದಳು. ಎಲೆ ಕಟ್ಟುವಾಗ ನೂರು ಎಲೆಗೆ ಒಂದು ಕವಳಿ, ಅಂದರೆ ಒಂದು ಕಟ್ಟು. ಪುಸ್ತಕವನ್ನೂ ಅವನು ಹಾಗೇ ಅಳೆಯುತ್ತಿದ್ದ. ಎಂಬತ್ತೇಳನೆಯ ಪುಟಕ್ಕೆ ಬಂದೆ ಎಂದು ಅವಳು ಹೇಳಿದಾಗ, “ಕವಳಿಗೆ ಇನ್ನೂ ಹದಿಮೂರು ಕಮ್ಮಿ,” ಎಂದ. ಕತೆಯ ಹೆಂಗಸು ತುಂಬಿದ ಹೊಳೆಯಲ್ಲಿ ಹರಿಗೋಲಿಗೆ ಕಾಲಿಟ್ಟಿದ್ದಳು. ಉಳಿವೆಪ್ಪ ನೀರು ಕೊಡು ಎಂದ. ನೀರು ತರುವಷ್ಟರಲ್ಲಿ ಮುಗಿದಿತ್ತು.

*

ಕುಳಿತ ಉಳಿವೆಪ್ಪನನ್ನು ಹೂವಿನ ವಿಮಾನದಲ್ಲಿ ಹೊತ್ತು ಎಲೆತೋಟದ ಅಂಚಿಗೆ ತಂದಾಗ ಹೊತ್ತು ಇಳಿಯುತ್ತಿತ್ತು. ಹೆಂಗಸರೂ ಬಂದಿದ್ದರು. ಕುಣಿಯ ಒಳಗೋಡೆಯಲ್ಲಿ ಗೂಡು ಕೊರೆದು ಅವನನ್ನು ಅದರಲ್ಲಿ ಕೂಡಿಸಿದರು. ಅಯ್ಯನವರು ಮಂತ್ರ ಹೇಳುತ್ತ ವಿಭೂತಿ, ಬಿಲ್ವಪತ್ರೆ ಏರಿಸಿದರು. ಹಳೆಯ ಒಂಬತ್ತು ಪುಸ್ತಕ ಮಗ್ಗುಲಲ್ಲಿಟ್ಟ ಮೇಲೆ ಬೀರಪ್ಪ ಮಾಸ್ತರ ನೀಲಿ ಪುಸ್ತಕ ಹಿಡಿದು ಮುಂದೆ ಬಂದ.

“ಓದಿ ಮುಗಿಸಿ ನಮಗ ಕೊಡಬೇಕು ಅಂತಿದ್ದನಂತ. ಮುಗಿಸಲಿಲ್ಲ. ಅಲ್ಲೇ ಕುಂತು ಓದ್ಲಿ,” ಎಂದು ಕುಣಿಯತ್ತ ಬಾಗಿದ.

ಸಾವಂತ್ರವ್ವ ಎರಡು ಹೆಜ್ಜೆ ಮುಂದೆ ಬಂದಳು. ಆಣೆ ನೆನಪಾಯಿತು. ಗೂಡಿನಲ್ಲಿ ಕುಳಿತ ಮುಖ ಕಂಡಿತು. ಮಾಸ್ತರನ ಕೈ ಕೆಳಗಿಳಿಯುವುದೂ ಕಂಡಿತು.

“ಅವರಿಗೆ ಓದಾಕ ಬರ್ತಿದ್ದಿಲ್ರಿ!”

ಅಯ್ಯನವರ ಮಂತ್ರ ನಿಂತಿತು. ಮುದಕವ್ವ ಓಡಿ ಬಂದು ಅವಳ ಬಾಯಿ ಮುಚ್ಚಿದಳು. “ಮಣ್ಣು ಬೀಳೂಕಿಂತ ಮೊದಲ ಗಂಡನ ಮುಖಕ್ಕ ಮಸಿ ಹಚ್ತಿಯೇನ, ಹಾಳಾದಾಕಿ?”

ಸಾವಂತ್ರವ್ವ ಆ ಕೈಯನ್ನು ಕಿತ್ತೆಸೆದಳು. “ಓದಿದಾಕಿ ನಾನು. ಹನ್ನೆರಡು ವರ್ಷ ನಾನ ಓದೇನಿ. ಮುದುಕಿ ಬಾವಿಗೆ ಬರೂತನಕ ತಡೀರಿ ಅಂದಾಕಿ ನಾನು. ಕರಿಬಸಪ್ಪಣ್ಣ, ನಿಮ್ಮ ಕಾಲಿಗೆ ಬೀಳ್ತೇನಿ, ಅದನ್ನ ಒಳಗ ಹಾಕಬ್ಯಾಡ್ರಿ.”

“ವೈನಿ, ದುಃಖದಾಗ ಏನೇನರ ಅಂತೀರಿ,” ಎಂದ ಕರಿಬಸಪ್ಪ, ನೆಲ ನೋಡುತ್ತ.

“ಓದ್ಲಿ ಬಿಡ್ರಿ,” ಎಂದ ಹಯಾತ. “ಒಂದು ಹಾಳಿ ಓದ್ಲಿ. ಸುಳ್ಳೋ ಖರೇವೋ ತಿಳೀತೈತಿ.”

ಮಾಸ್ತರ ಪುಸ್ತಕ ಕೊಟ್ಟ. ಅವಳು ಎಂಬತ್ತೇಳನೆಯ ಪುಟ ತೆರೆದಳು. ಬಿಟ್ಟ ಸಾಲನ್ನು ಬೆರಳಿಟ್ಟು ಹುಡುಕಿದಳು. ಆಮೇಲೆ ಹರಿಗೋಲು ದಡ ಬಿಟ್ಟಿತು. ಅವಳು ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಅಂಬಿಗನ ಮಾತನ್ನು ಅಂಬಿಗನಂತೆ ಆಡಿ, ಎಲ್ಲಿಯೂ ತೊದಲದೆ ಓದಿದಳು. ತಮ್ಮ ಅಂಗಡಿಯಲ್ಲಿ, ಪೋಸ್ಟಿನ ಕಟ್ಟೆಯ ಮೇಲೆ, ಸಾಲಿಯ ಪಡಸಾಲೆಯಲ್ಲಿ ಉಳಿವೆಪ್ಪ ಕತೆ ಹೇಳುತ್ತಿದ್ದ ಧಾಟಿ ಮೂವರಿಗೂ ಗುರುತು ಸಿಕ್ಕಿತು. ಕರಿಬಸಪ್ಪ ರುಮಾಲು ತೆಗೆದು ಬೆವರೊರೆಸಿಕೊಂಡ. ನಂಬಿದರು. ನಂಬಿದ ಮೇಲೆ ಅವರ ಮುಖ ಸಣ್ಣದಾಯಿತು. ಇನ್ನು ಮುಂದೆ ನಿಮಗೆ ಪುಸ್ತಕ ತಂದುಕೊಡುತ್ತೇವೆ ಎಂದು ಒಬ್ಬನಾದರೂ ಅನ್ನಲಿಲ್ಲ.

“ಸಾಕ್ರಿ ವೈನಿ, ಗೊತ್ತಾತು,” ಎಂದ ಮಾಸ್ತರ. ಅಯ್ಯನವರತ್ತ ತಿರುಗಿ, “ಇದನ್ನ ಅವರಿಗೇ ಬಿಡೂಣೇನ್ರಿ?” ಎಂದು ಕೇಳಿದ.

ಅಯ್ಯನವರು ಬೇಡವೆಂದು ತಲೆಯಾಡಿಸಿದರು. “ಹೆಣದ ಹೆಸರಿಲೆ ಕುಣಿತನಕ ತಂದದ್ದು ಹೊಳ್ಳಿ ಮನಿಗೆ ಹೋಗಬಾರದು. ಮನ್ಯಾಗ ಮತ್ತೊಂದು ಹೆಣ ಬೀಳತೈತಿ. ಒಳಗ ಇಡ್ರಿ. ಹೊತ್ತು ಮುಳುಗೂದರೊಳಗ ಮಣ್ಣು ಕೊಡಬೇಕು.”

“ಮನ್ಯಾಗ ಇನ್ನ ಇರಾಕಿ ನಾನೊಬ್ಬಾಕಿ,” ಎಂದಳು ಸಾವಂತ್ರವ್ವ. “ಬೀಳಲಿ ಬಿಡ್ರಿ.”

ಹೆಂಗಸರು ಹಿಂದೆ ಸರಿದರು. ಮಾಸ್ತರ ಅಯ್ಯನವರ ಮುಖ ನೋಡಿ, ತಗ್ಗಿದ ದನಿಯಲ್ಲಿ, “ಕೊಡ್ರಿ ವೈನಿ,” ಎಂದು ಕೈ ಚಾಚಿದ.

ಅವಳು ಹೊತ್ತನ್ನು ನೋಡಿದಳು. ಅದು ಆಗಲೇ ಎಲೆಬಳ್ಳಿಗಳ ತುದಿಗೆ ಬಂದಿತ್ತು. ಓದದೆ ಉಳಿದ ಹಾಳೆಗಳನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು. ಇನ್ನೂ ಒಂದೂವರೆ ಕವಳಿ ಇತ್ತು. ಮಾಸ್ತರನಿಗೆ ಬೆನ್ನು ಮಾಡಿ, ಕುಣಿಯ ಅಂಚಿನ ಹಸಿ ಮಣ್ಣಿನಲ್ಲಿ ಕುಳಿತು, ಕಾಲು ಒಳಕ್ಕೆ ಇಳಿಬಿಟ್ಟಳು. ಗೂಡಿನಲ್ಲಿದ್ದವನ ಕಡೆ ಮುಖ ಮಾಡಿ ಮತ್ತೆ ಓದತೊಡಗಿದಳು. ಈಗ ಅಂಬಿಗನ ದನಿ ಇರಲಿಲ್ಲ, ನಿಲುಗಡೆ ಇರಲಿಲ್ಲ. ಸಾಲಿನ ಮೇಲೆ ಸಾಲು ನುಂಗುತ್ತ, ಉಸಿರು ಸಾಲದೆ ಬಿಕ್ಕುತ್ತ ಓದಿದಳು. ಹಿಂದೆ ಮಾಸ್ತರನ ಕೈ ಚಾಚಿದಂತೆಯೇ ಇತ್ತು. ಸಲಿಕೆ ಹಿಡಿದವರು ಒಮ್ಮೆ ಹೊತ್ತನ್ನು, ಒಮ್ಮೆ ಅವಳನ್ನು ನೋಡುತ್ತ ನಿಂತರು. ಅವಳು ಮಣ್ಣಾದ ಬೆರಳನ್ನು ನಾಲಗೆಗೆ ಒತ್ತಿ ಹಾಳೆ ತಿರುವಿದಳು.