ಹಿಡೀರಿ, ಬಿಡೀರಿ

ಗುಳ್ಳೆ, ಮತ್ತೆ ಗುಳ್ಳೆ, ಸಪೂರ ಪ್ಲಾಸ್ಟಿಕ್ ಕೊಳವೆಯೊಳಗೆ ಸಾಲುಗಟ್ಟಿ ಹಿಂದಕ್ಕೆ ಓಡುತ್ತಿವೆ, ಹೊರಬಂದ ಗಾಳಿ ವಾಪಸ್ ಒಳಗೇ, ಅಂದರೆ ಮಾವ ಮತ್ತೆ ಪೆಡಲಿನಿಂದ ಕಾಲೆತ್ತಿದರು, ಐದನೇ ಸಲ — ಓಮ್ನಿಯ ಅಡಿಯಲ್ಲಿ ಅಂಗಾತ ಮಲಗಿದ್ದ ಈಶ್ವರ ಬ್ರೇಕ್ ಪೈಪಿನ ಗಾಳಿ ಬಿಡುವ ನಿಪ್ಪಲ್ ತಿರುಗಿಸಿ ಮುಚ್ಚಿದ, ಬ್ರೇಕ್ ಎಣ್ಣೆ ಮೊಣಕೈವರೆಗೆ ಇಳಿದು ಚುರುಚುರು ಅನ್ನುತ್ತಿದೆ, ಹೊಸ ಎಣ್ಣೆಯ ಬಾಟಲಿಯಲ್ಲಿ ಉಳಿದಿರುವುದು ನಾಲ್ಕು ಬೆರಳು, ಹಿಡೀರಿ ಅಂದೆನಲ್ಲ ಮಾವ, ಬಿಡೀರಿ ಅಂದ್ರಲ್ಲ ಅಳಿಯಂದ್ರೆ, ನನ್ ಕಿವಿ ಇನ್ನೂ ನೆಟ್ಟಗೈತೆ. ನೆಟ್ಟಗೇ ಇದೆ, ಸೊಟ್ಟಗಿರುವುದು ಮರ್ಯಾದೆ, ಗಾಡಿಗೆ ತುಕ್ಕು, ಮಾವನಿಗೆ ತೂಕಡಿಕೆ, ತನ್ನ ನಾಲಗೆಗೆ ಶಿಕಾರಿಪುರದ ರೀ ಬಾಲ, ಗಾಡಿಯ ಅಡಿಯಿಂದ ಹಿಡೀರಿಯೂ ಬಿಡೀರಿಯೂ ಒಂದೇ ತಾಯಿಯ ಮಕ್ಕಳು. ನಿನ್ನೆ ಆನವಟ್ಟಿಯ ಇಳಿಜಾರಿನಲ್ಲಿ ಇದೇ ಪೆಡಲ್ ಬೆಣ್ಣೆಗೆ ಕಾಲಿಟ್ಟಂತೆ ನೆಲಕ್ಕೆ ಹೋಗಿತ್ತು, ಹ್ಯಾಂಡ್‌ಬ್ರೇಕ್ ಎಳೆದು ಮಣ್ಣಿನ ದಿಣ್ಣೆಗೆ ಗುದ್ದಿಸಿ ನಿಲ್ಲಿಸಿದ, ಹಿಂದೆ ಶಾಲೆಯ ಆರು ಮಕ್ಕಳು, ಅವರಲ್ಲಿ ಮಗಳು ಶರಣ್ಯ, ಚಪ್ಪಾಳೆ ತಟ್ಟಿ ಅಪ್ಪಾ ಇನ್ನೊಂದ್ಸಲ ಅಂದಳು — ಇನ್ನೊಂದ್ಸಲ, ಬೇಡ ಮಗಳೇ, ಹಳೇ ಪೈಪು ಕೈಯಲ್ಲಿ ಚಕ್ಕುಲಿಯ ಹಾಗೆ ಮುರಿದುಬಂತು, ಹೊಸದನ್ನು ಶಿಕಾರಿಪುರದಿಂದ ತಂದು ಕೂರಿಸಿದ್ದಾಗಿದೆ, ಮೆಕ್ಯಾನಿಕ್ ಗುತ್ಯಪ್ಪ ಗೃಹಪ್ರವೇಶಕ್ಕೆ ಹೋದವನು ನಾಡಿದ್ದು ಬರುತ್ತಾನೆ, ನಾಳೆ ಬೆಳಿಗ್ಗೆ ಮಕ್ಕಳಿಗೆ ಪರೀಕ್ಷೆ, ಗಾಳಿ ಹೋಗದಿದ್ದರೆ ಬ್ರೇಕಿಲ್ಲ, ಬ್ರೇಕಿಲ್ಲದೆ ಹೊರಡುವುದಿಲ್ಲ. ಏಕವಚನದಲ್ಲಿ ಹಿಡಿ, ಬಿಡು ಅಂದರೆ ಗೊಂದಲವೇ ಇಲ್ಲ, ಬಾಲ ಬೇರೆ ತಲೆ ಬೇರೆ, ಆದರೆ ಹೆಣ್ಣು ಕೊಟ್ಟ ಮಾವ ಗಂಗಾಧರಪ್ಪನವರಿಗೆ ಬಿಡು ಅನ್ನುವುದೆಂದರೆ ಅಲ್ಲಿಗೆ ಅವರೇ ತನ್ನನ್ನು ಬಿಟ್ಟಂತೆ, ಮದುವೆಯ ದಿನ ಅವರ ಕೆಮ್ಮನ್ನು ಮಿಮಿಕ್ರಿ ಮಾಡಿದ್ದಕ್ಕೇ ಆರು ತಿಂಗಳು ಮಾತಿಲ್ಲ, ಅಳಿಯಂದ್ರು ಕಾಲೇಜು ಕಲ್ತೋರು, ನಾವು ಕೆಮ್ಮೋದು ಕಲ್ತೋರು ಅಂತ ಹೆಂಡತಿ ಚೈತ್ರಶ್ರೀಯ ಮುಂದೆ ಅಂದಿದ್ದರಂತೆ. ಮಾವ, ತುಳೀರಿ ಅಂದಾಗಲೇ ತುಳೀರಿ, ತುಳಿದೇ ಇದೀನಲ್ರೀ, ಇನ್ನೆಷ್ಟು ತುಳಿಸ್ಕೊಂತೀರಿ — ಗುಳ್ಳೆ, ಹಾಳು ಗುಳ್ಳೆ, ನಾಲ್ಕು ಬೆರಳಿದ್ದದ್ದು ಎರಡಾಯಿತು, ಇದೇ ಕೊನೆ. ಈ ಮನುಷ್ಯನಿಗೆ ಏಕವಚನದಲ್ಲಿ ಹೇಳುವವರು ಭೂಮಿಯ ಮೇಲೆ ಯಾರಿದ್ದಾರೆ, ಒಬ್ಬರೇ, ಸೊರಬದಲ್ಲಿರುವ ಅವರ ಅವ್ವ ಅಕ್ಕನಾಗಮ್ಮ, ಎಂಬತ್ತಾರರ ಆ ಹರಿದ ತಮಟೆಯ ದನಿ, ಮೂಗಿನಿಂದ ಹೊರಟು ಹಣೆಗೆ ಬಡಿಯುವ ದನಿ, ಆರು ತಿಂಗಳಲ್ಲ ಆರು ವರ್ಷ ಮಾತು ಬಿಡಲಿ, ಈಶ್ವರ ಕಣ್ಣು ಮುಚ್ಚಿದ, ಮೂಗು ಬಿಗಿಹಿಡಿದ, ಅದೇ ದನಿ ತೆಗೆದ. ಏ ಗಂಗ್ಯಾ, ತುಳಿಯೋ. ಮೇಲೆ ಸೀಟು ಕಿರ್ರೆಂದಿತು. ತುಳಿ, ಇನ್ನೊಂದ್ಸಲ, ಹಾಂ, ಈಗ ಹಿಡಿ, ಅಲ್ಲಾಡಬ್ಯಾಡ. ನಿಪ್ಪಲ್ ಬಿಚ್ಚಿದ, ಕೊಳವೆಯಲ್ಲಿ ಗುಳ್ಳೆಗಳು ಮುಂದಕ್ಕೆ, ತುದಿಗಿಟ್ಟ ಡಬ್ಬಿಯ ಕಡೆಗೆ, ದೊಡ್ಡದು, ಸಣ್ಣದು, ಸಾಸಿವೆಯಷ್ಟು, ಆಮೇಲೆ ಬರೀ ಎಣ್ಣೆ, ಜೇನಿನ ಬಣ್ಣದ್ದು, ಮುಚ್ಚಿದ. ಬಿಡು ಅನ್ನಬೇಕು, ಅಷ್ಟರಲ್ಲಿ ಮೇಲಿನಿಂದ ಕೆಮ್ಮು, ಇಲ್ಲ, ಕೆಮ್ಮಲ್ಲ, ನಗು, ಅಂಗಳದ ಆಚೆ ಮನೆಯವರೂ ಬಾಗಿಲಿಗೆ ಬರುವಂಥ ನಗು, ಓಮ್ನಿಯ ತಗಡೆಲ್ಲ ಗಡಗಡ, ಅವ್ವ ಎಲ್ಲೋ ಸೊರಬದಾಗೈತೆ, ನಂಗೊತ್ತೈತೆ ಅಳಿಯಂದ್ರೆ, ಆದ್ರೂ ಕಾಲು ಕೇಳ್ಬೇಕಲ್ಲ, ಕಾಲು ಕೇಳ್ತಾ ಇಲ್ಲ ನೋಡ್ರಿ — ಈಶ್ವರ ತೆವಳಿ ಹೊರಬಂದ, ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಮಾವ ಹೊಟ್ಟೆ ಕುಲುಕಿಸಿ ನಗುತ್ತಿದ್ದಾರೆ, ಕಣ್ಣಲ್ಲಿ ನೀರು, ಹೆಗಲು, ತೊಡೆ, ಎಡಗಾಲು ಎಲ್ಲ ಕುಣಿಯುತ್ತಿವೆ, ಪೆಡಲಿನ ಮೇಲಿನ ಬಲಗಾಲು ಮಾತ್ರ ಕದಲದೆ, ಬಿಡು ಅನ್ನುವುದನ್ನೇ ಕಾಯುತ್ತ, ಹೆಬ್ಬೆರಳು ಬೆಳ್ಳಗಾಗಿ.