ಮೂರನೆಯ ಪ್ರತಿ

ಕಾರ್ಖಾನೆಯಲ್ಲಿ ನನಗಿಟ್ಟ ಅಡ್ಡಹೆಸರು ‘ಮೂರು ಪ್ರತಿ’. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳಂತೆ ನಾನು. ಅನ್ನಲಿ. ಕಲ್ಲು ಕೊಯ್ಯುವ ಆ ಕಾರ್ಖಾನೆಯ ದವಾಖಾನೆಯಲ್ಲಿ ಎಂಟು ವರ್ಷ ದಾಖಲೆ ನೋಡಿಕೊಂಡವಳು ನಾನು. ವರ್ಷಕ್ಕೊಮ್ಮೆ ಪ್ರತಿ ಕೆಲಸಗಾರನೂ ಕೊಳವೆಗೆ ಬಾಯಿಟ್ಟು ಊದುತ್ತಿದ್ದ; ಎಷ್ಟು ಉಸಿರಿದೆ ಎಂಬ ಲೆಕ್ಕ, ಎದೆಯ ಎಕ್ಸ್‌ರೇ ಸಮೇತ, ಕಂಪ್ಯೂಟರಿಗೆ ಹೋಗುತ್ತಿತ್ತು. ಅಕ್ಕನ ಗಂಡನದೂ ಅದರಲ್ಲಿದೆ. ಭಾವ ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಐದನೆಯದರಲ್ಲಿ ಕೂತುಬಿಡುತ್ತಾರೆ.

ಕೆಲಸ ಕಲಿಸಿದ ಡಾಕ್ಟರಮ್ಮ ನಿವೃತ್ತರಾಗುವ ಮುನ್ನ ನಿಯಮ ಬರೆದು, ಸಹಿ ಹಾಕಿ ಗೋಡೆಗೆ ಅಂಟಿಸಿದ್ದರು: ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಬೀರುವಿನಲ್ಲಿಟ್ಟ ಹಾರ್ಡ್ ಡ್ರೈವ್‌ನಲ್ಲಿ, ಅಂಥದ್ದೇ ಇನ್ನೊಂದು ಕಾಂಪೌಂಡಿನಾಚೆ ಕಾರ್ಮಿಕರ ಸಂಘದ ಕೋಣೆಯಲ್ಲಿ. ಮೂರು ತಿಂಗಳಿಗೊಮ್ಮೆ ಡ್ರೈವ್ ಜೋಡಿಸಿ, ಫೈಲು ತೆರೆದು, ಕಣ್ಣಾರೆ ನೋಡಬೇಕು.

ಹೊಸದಾಗಿ ಬಂದ ಮ್ಯಾನೇಜರಿಗೆ ಇದೆಲ್ಲ ಹುಚ್ಚಾಟ. ನನ್ನ ಡ್ರೈವ್‌ಗಳು ಒಳಗೆ ತಟ್ಟೆ ತಿರುಗುವ ಹಳೇ ಜಾತಿಯವು, ಇಟ್ಟಿಗೆಯಷ್ಟು ದಪ್ಪ. ಅವರು ಬೆರಳುದ್ದದ, ಸದ್ದೇ ಮಾಡದ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡ್ರೈವ್ ತರಿಸಿ, ಎಲ್ಲವನ್ನೂ ಅದಕ್ಕೆ ತುಂಬಿಸಿ, ತಿಜೋರಿಯಲ್ಲಿಟ್ಟು ಬೀಗ ಜಡಿದರು. ಹಳೇ ಕಂಪ್ಯೂಟರೂ ಬೀರುವಿನ ಡ್ರೈವೂ ಗುಜರಿಗೆ ಹೋದವು. ಈ ಹೊಸ ಜಾತಿಯದು ವರ್ಷಗಟ್ಟಲೆ ಕರೆಂಟು ಕಾಣದೆ ಬಿದ್ದಿದ್ದರೆ ಒಳಗಿನದನ್ನು ಕಳೆದುಕೊಳ್ಳಬಹುದು, ಆಗಾಗ ಜೋಡಿಸಿ ನೋಡಬೇಕು ಎಂದೆ. ನನಗೇ ಪಾಠ ಹೇಳುತ್ತೀಯಾ ಎಂದರು. ಸಂಘದ ಕೋಣೆಯ ಪ್ರತಿಯನ್ನೂ ಅಳಿಸಿ ಬಾ ಎಂದರು.

ಅಳಿಸುವುದಿಲ್ಲ ಎಂದು ಬರೆದೇ ಕೊಟ್ಟೆ. ಮರುದಿನವೇ ಉಗ್ರಾಣಕ್ಕೆ ಎತ್ತಂಗಡಿ. ಮೂರು ವರ್ಷ ಮೊಳೆ ಎಣಿಸಿದೆ; ಮ್ಯಾನೇಜರು ಆ ಪ್ರತಿಯ ಮಾತನ್ನೇ ಮರೆತರು. ಆದರೆ ಮೂರು ತಿಂಗಳಿಗೊಮ್ಮೆ ಊಟದ ಬಿಡುವಿನಲ್ಲಿ ಸಂಘದ ಕೋಣೆಗೆ ಹೋಗಿ ಡ್ರೈವ್ ತೆರೆಯುವುದನ್ನು ಬಿಡಲಿಲ್ಲ. ಒಮ್ಮೆ ಅದು ಕಟಕಟ ಅನ್ನತೊಡಗಿದಾಗ, ಉಸಿರಿರುವಾಗಲೇ ಅದೇ ಜಾತಿಯ, ಬೇರೆ ಕಂಪನಿಯ ಹೊಸದೊಂದಕ್ಕೆ ಎಲ್ಲವನ್ನೂ ಇಳಿಸಿದೆ.

ಈ ವರ್ಷ ಭಾವನೂ ಇನ್ನು ಹನ್ನೊಂದು ಜನರೂ ಕಲ್ಲಿನ ದೂಳು ತಮ್ಮ ಎದೆ ತಿಂದಿತೆಂದು ದೂರು ಕೊಟ್ಟರು. ಸೇರುವಾಗಲೇ ರೋಗ ಇತ್ತು ಎಂದಿತು ಕಾರ್ಖಾನೆ. ವಿಚಾರಣೆಗೆ ಬಂದ ಕಾರ್ಮಿಕ ಇಲಾಖೆಯ ಅಧಿಕಾರಿಣಿ ಹಳೆಯ ದಾಖಲೆ ಕೇಳಿದರು, ಅದನ್ನು ನೋಡಿಕೊಂಡಿದ್ದ ನನ್ನನ್ನೂ ಕರೆಸಿದರು. ಮ್ಯಾನೇಜರು ಠೀವಿಯಿಂದ ತಿಜೋರಿ ತೆರೆದು ಡ್ರೈವ್ ಜೋಡಿಸಿದರು. ಕಂಪ್ಯೂಟರಿಗೆ ಅದರಲ್ಲಿ ಒಂದು ಫೈಲೂ ಸಿಗಲಿಲ್ಲ. ಇನ್ನೊಂದು ಕಂಪ್ಯೂಟರಿಗೂ ಸಿಗಲಿಲ್ಲ. ದಾಖಲೆಯೇ ಹೋಯಿತಲ್ಲ, ಏನು ಮಾಡೋಣ ಎಂದು ಕೈಚೆಲ್ಲಿದ ಆ ಮುಖದಲ್ಲಿ ನೆಮ್ಮದಿ ಕಂಡು ನನಗೆ ಮೈಯೆಲ್ಲ ಉರಿಯಿತು.

“ಹೋಗಿಲ್ಲ ಮೇಡಮ್. ಇವ್ರು ಅಳಿಸು ಅಂದ್ರು, ನಾನು ಅಳಿಸ್ಲಿಲ್ಲ” ಎಂದು ಸಂಘದ ಕೋಣೆಯಿಂದ ತಂದಿದ್ದ ನನ್ನ ಇಟ್ಟಿಗೆಯನ್ನು ಮೇಜಿನ ಮೇಲಿಟ್ಟೆ.

ತೆರೆಯಿತು. ಮೊದಲ ವರ್ಷ ಭಾವನ ಉಸಿರು ನೂರಕ್ಕೆ ತೊಂಬತ್ತಾರು. ಎಂಟನೆಯ ವರ್ಷ ಐವತ್ತೊಂದು. ಹನ್ನೆರಡು ಜನರದೂ ಇದೇ ಕಥೆ.

ನಿನ್ನ ಕೆಲಸ ಉಳಿಯಲ್ಲ ಎಂದರು ಮ್ಯಾನೇಜರು. ಉಳಿಯದಿದ್ದರೆ ಬೇಡ ಎಂದೆ. ಅಧಿಕಾರಿಣಿ ಡ್ರೈವನ್ನು ತಮ್ಮ ಚೀಲಕ್ಕೆ ಹಾಕಿಕೊಳ್ಳಲು ಕೈ ಚಾಚಿದರು. ನಾನು ಅದರ ಮೇಲೆ ಕೈಯಿಟ್ಟೆ.

“ತಗೊಂಡು ಹೋಗಿ ಮೇಡಮ್. ಆದ್ರೆ ಇನ್ನೆರಡು ಪ್ರತಿ ಆಗೋವರೆಗೂ ಇದು ಈ ರೂಮು ಬಿಟ್ಟು ಹೋಗಲ್ಲ. ನಲವತ್ತು ನಿಮಿಷ ಆಗುತ್ತೆ.”

ಅವರು ನನ್ನನ್ನೊಮ್ಮೆ ನೋಡಿ ಕುರ್ಚಿ ಎಳೆದುಕೊಂಡರು. ಮ್ಯಾನೇಜರು ಏಳಹೋದರು, ನೀವೂ ಇರಿ ಎಂದು ಅಧಿಕಾರಿಣಿ ಕೂರಿಸಿದರು. ಬಾಗಿಲ ಬಳಿ ಭಾವ ಕೂತಿದ್ದರು. ನಾನು ಪ್ರತಿ ಇಳಿಸಲು ಕೂತೆ. ನಲವತ್ತು ನಿಮಿಷವೂ ಮ್ಯಾನೇಜರು ಭಾವನ ಉಸಿರಿನ ಸದ್ದು ಕೇಳುತ್ತಾ ಕೂತಿರಬೇಕಾಯಿತು.